ಹೊಳೆ ನಡುವಿನ ಒಂದು ಗಂಟೆ

ದರ್ಜಿ ಮಾಡಿದ ತಪ್ಪು ಇಷ್ಟೇ: ಅಟ್ಟದ ಮೇಲಿದ್ದ ದೋಣಿ ಮೋಟಾರನ್ನು ಹಿತ್ತಲಿಗೆ ಇಳಿಸುವ ಬದಲು ಅಂಗಳಕ್ಕೆ ಇಳಿಸಿದ.

ಅಪ್ಪ ಹೋದಾಗಿನಿಂದ ಅದು ಗೋಣಿ ಹೊದ್ದು ಮಲಗಿತ್ತು. ದರ್ಜಿಗೆ ಮೀನು ಬೇಕಿರಲಿಲ್ಲ, ಸವಾರಿಯೂ ಬೇಕಿರಲಿಲ್ಲ. ಅಂಗಡಿಯ ಹೊಸ್ತಿಲ ಮೇಲೆ ಕೂತು ದಿನವಿಡೀ ಬುದ್ಧಿ ಹೇಳುವವರನ್ನು ದಡದಲ್ಲೇ ಬಿಟ್ಟು, ಹೊಳೆ ನಡುವೆ ಒಂದು ಗಂಟೆ ಸುಮ್ಮನೆ ಕೂತು ಬರಬೇಕು, ಅಷ್ಟೇ ಆಸೆ. ಹುಟ್ಟು ಹಾಕೋಣವೆಂದರೆ, ಹೊಲಿಗೆ ಯಂತ್ರ ತುಳಿದು ತುಳಿದು ಬಲವೆಲ್ಲ ಕಾಲಿಗೆ ಇಳಿದಿತ್ತು, ತೋಳಿಗೆ ಏನೂ ಉಳಿದಿರಲಿಲ್ಲ.

ಮೊದಲು ಬಂದವನು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು.

"ಹಳೇ ಪೆಟ್ರೋಲ್ ಚೆಲ್ಲಯ್ಯಾ. ಅದೀಗ ಪೆಟ್ರೋಲಲ್ಲ, ಕಷಾಯ."

"ಚೆಲ್ಲಿದೆ ಅಣ್ಣಾ."

"ಇನ್ನೊಂದ್ಸಲ ಚೆಲ್ಲು."

ಖಾಲಿ ಟ್ಯಾಂಕನ್ನು ದರ್ಜಿ ಇನ್ನೊಂದು ಸಲ ಬಗ್ಗಿಸಿದ. ಪ್ಲಗ್ ಉಜ್ಜಿದ. ಅಂಟು ಕಟ್ಟಿದ್ದ ಕಾರ್ಬುರೇಟರನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಗುಂಡಿ ಜೋಡಿಸಿದ ಹಾಗೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಅಷ್ಟರಲ್ಲಿ ಊರ ಶಾಲೆಯ ಮೇಷ್ಟ್ರು ಬಂದರು. ಒಂದು ಪುಟ್ಟ ಹಿತ್ತಾಳೆ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಅದು ಜಾರಿ ಚರಂಡಿಗೆ ಬಿತ್ತು.

"ಸೂಜಿ ಎತ್ತೋ ಅಯಸ್ಕಾಂತ ಇದೆಯಲ್ಲ, ತಗೊಂಡ್ಬಾ," ಎಂದರು.

ದರ್ಜಿ ಅಂಗಡಿಗೆ ಓಡಿಹೋಗಿ ತಂದ. ಬಹಳ ಹೊತ್ತು ಕೆದಕಿದ ಮೇಲೆ ಮೇಷ್ಟ್ರು ನಿಧಾನವಾಗಿ ಹೇಳಿದರು: "ಹಿತ್ತಾಳೆಗೆ ಅಯಸ್ಕಾಂತ ಹಿಡಿಯೋಲ್ಲ ಕಣಯ್ಯಾ. ಗೊತ್ತಿರಬೇಕು ಇದೆಲ್ಲ."

ಕೊನೆಗೆ ದರ್ಜಿ ಮೊಣಕೈವರೆಗೆ ಕೈ ಇಳಿಸಿ ಹುಡುಕಿ ತೆಗೆದ.

ಮಧ್ಯಾಹ್ನಕ್ಕೆ ಹೆಂಡತಿಯ ತಮ್ಮನೂ ಸೇರಿಕೊಂಡ. "ನೀರಿಲ್ದೆ ಓಡಿಸಿದ್ರೆ ಸುಟ್ಟುಹೋಗ್ತದೆ ಭಾವ," ಎಂದು ಅಕ್ಕ ಕುಡಿಯುವ ನೀರು ತುಂಬಿಟ್ಟಿದ್ದ ಡ್ರಮ್ಮನ್ನೇ ಎಳೆದುಕೊಂಡು ಬಂದ. ಅದರ ಅಂಚಿಗೆ ಮೋಟಾರು ಬಿಗಿದು ಹಗ್ಗ ಎಳೆದರು. ಮೋಟಾರು ಮುದುಕನ ಹಾಗೆ ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿತು. ಆಮೇಲೆ ಇಷ್ಟು ವರ್ಷ ಮಲಗಿಸಿದ ಸಿಟ್ಟನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವಂತೆ ಆರ್ಭಟಿಸಿತು. ಡ್ರಮ್ಮಿನ ನೀರೆಲ್ಲ ಮೇಷ್ಟ್ರ ಮೇಲಿತ್ತು. ಹೆಂಡತಿ ಬಂದು ಖಾಲಿ ಡ್ರಮ್ಮಿನೊಳಗೆ ಇಣುಕಿ ನೋಡಿ ಒಳಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಸಂಜೆ ದರ್ಜಿ ಮೋಟಾರನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಹೋದ. ಕದ್ದು ಹೋಗಬೇಕೆಂದಿದ್ದ, ಹಿಂದೆ ಮೂವರೂ ಬಂದರು. ಅವನು ದಡದಲ್ಲಿದ್ದ ಅಪ್ಪನ ದೋಣಿಗೆ ಮೋಟಾರು ಕಟ್ಟಿ ಪೆಟ್ರೋಲು ತುಂಬಿಸಿ ತಲೆಯೆತ್ತುವಷ್ಟರಲ್ಲಿ ಮೂವರೂ ದೋಣಿಯಲ್ಲಿ ಕೂತಾಗಿತ್ತು. ನೀರು ದೋಣಿಯ ಅಂಚಿಗೆ ಬಂತು.

"ಒಬ್ಬರು ಇಳೀಬೇಕು," ಎಂದ ಡ್ರೈವರು.

ಮೂವರೂ ದರ್ಜಿಯ ಮುಖ ನೋಡಿದರು.

"ನಿನ್ನ ಮೋಟಾರು ತಾನೇ? ನಾಳೆ ಬೇಕಾದ್ರೂ ಹೋಗಬಹುದು," ಎಂದರು ಮೇಷ್ಟ್ರು.

ದರ್ಜಿ ಇಳಿದ. ದೋಣಿ ಹೊರಟಿತು.

ದಡದ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕೂತವನಿಗೆ ಸ್ವಲ್ಪ ಹೊತ್ತಿಗೆ ಏನೋ ಹೊಳೆಯಿತು. ಮಾತಾಡುವವರೆಲ್ಲ ಹೊಳೆಯ ಮೇಲಿದ್ದಾರೆ, ಸದ್ದಿಲ್ಲದಿರುವುದು ದಡದಲ್ಲೇ. ಕಾಲು ಚಾಚಿ ಕಣ್ಣು ಮುಚ್ಚಿದ.

ಆಗ ಮೋಟಾರು ಕೆಮ್ಮಿ ನಿಂತುಹೋಯಿತು.

ಯಾಕೆಂದು ದರ್ಜಿಗೆ ತಕ್ಷಣ ತಿಳಿಯಿತು. ಪೆಟ್ರೋಲು ಆವಿಯಾಗದಿರಲಿ ಎಂದು ಡ್ರೈವರು ಹೊರಡುವಾಗ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪನ್ನು ಬಿಗಿದಿರಬೇಕು. ಗಾಳಿಯಾಡದೆ ಪೆಟ್ರೋಲು ಇಳಿಯುವುದಿಲ್ಲ.

"ಅಣ್ಣಾ, ಮುಚ್ಚಳದ ತಿರುಪು ಸಡಿಲ ಮಾಡಿ," ಎಂದು ಕೂಗಿದ.

"ಜೀವಮಾನವೆಲ್ಲ ಬಸ್ ಓಡಿಸಿದೋನಿಗೆ ದಡದಲ್ಲಿ ನಿಂತು ಬುದ್ಧಿ ಹೇಳ್ತೀಯೇನಯ್ಯಾ?"

"ಒಂದೇ ಒಂದು ಸುತ್ತು, ಅಣ್ಣಾ."

"ಅವನಿಗೆ ಮೊದಲಿಂದಲೂ ಮಾತು ಜಾಸ್ತಿ," ಎಂದ ಮೇಷ್ಟ್ರ ದನಿ ನೀರಿನ ಮೇಲೆ ಸ್ಪಷ್ಟವಾಗಿ ತೇಲಿಬಂತು.

ದೋಣಿ ಮೆಲ್ಲಗೆ ಕೆಳಗಿನ ಜೊಂಡಿನ ಕಡೆ ತೇಲುತ್ತಿತ್ತು. ದರ್ಜಿ ಕೆಸರು ತುಳಿಯುತ್ತ, ಮುಳ್ಳು ದಾಟುತ್ತ, ಕೂಗುತ್ತ ಅದರ ಜೊತೆಗೇ ಓಡಿದ.

ಬಿಂದಿಗೆ ಹಿಡಿದು ನೀರಿಗೆ ಬಂದಿದ್ದ ಹೆಂಡತಿ ನಿಂತು ನೋಡಿದಳು.

"ಅವರ ಪಾಡಿಗೆ ಅವರು ಹೊಳೆ ನಡುವೆ ನೆಮ್ಮದಿಯಾಗಿ ಕೂತಿದಾರೆ," ಎಂದಳು. "ಒಂದು ಗಳಿಗೆ ಸುಮ್ಮನೆ ಬಿಡಬಾರದಾ ಅವರನ್ನ?"