ಉರಿಗಾಂ ಲೈನಿನ ನಲ್ಲ ವೇಳೆ

ಜ್ಞಾನಮಿತ್ರನ ಪಡಿಪಾಟಲಿಗೆಲ್ಲ ಕಾರಣ ಒಂದು ಪೋಸ್ಟ್ ಕಾರ್ಡು. ಅದರಲ್ಲಿ ಇದ್ದದ್ದು ಎರಡೇ ಸಾಲು: 'ಮಂಗಳವಾರ ಸಂಜೆ ಐದಕ್ಕೆ ಬರುತ್ತೇನೆ. ನೀನು ಸೇರಿಸಿರುವ ಜನರನ್ನು ನೋಡಬೇಕು.' ಕೆಳಗೆ ಬೆಂಗಳೂರಿನ ಹಿರಿಯ ಪಾದ್ರಿ ಎಬೆನೇಜರ್ ಅಯ್ಯನವರ ರುಜು. ಕಾರ್ಡು ಕೈಗೆ ಬಂದದ್ದು ಮಂಗಳವಾರ ಬೆಳಿಗ್ಗೆಯೇ.

ಜ್ಞಾನಮಿತ್ರ ತುಮಕೂರಿನ ಕಡೆಯವನು, ಇಪ್ಪತ್ನಾಲ್ಕು ವರ್ಷ. ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಚಿನ್ನದ ಗಣಿಗೆ ಬಂದು ನೆಲೆಸಿದ ಕೂಲಿಯವರ ನಡುವೆ ಸುವಾರ್ತೆ ಸಾರಲೆಂದು ಮಿಷನ್ನಿನವರು ಅವನನ್ನು ಉರಿಗಾಮಿನ ಕೂಲಿ ಲೈನಿನ ಸಾಲುಮನೆಗಳಿಗೆ ಕಳಿಸಿ ಮೂರು ತಿಂಗಳಾಗಿತ್ತು. ಈ ಮೂರು ತಿಂಗಳಲ್ಲಿ ಅವನು ಸೇರಿಸಿದ್ದ ಜನವೆಂದರೆ ಪಾಪಕ್ಕ ಎಂಬ ಒಬ್ಬ ಮುದುಕಿ. ಆಕೆಗೆ ಕಿವಿ ಕೇಳಿಸುತ್ತಿರಲಿಲ್ಲ. ಅವನ ಜಗಲಿಯಲ್ಲಿ ಮಧ್ಯಾಹ್ನ ಒಳ್ಳೆಯ ನೆರಳಿರುತ್ತದೆಂದು ಬಂದು ಕೂರುತ್ತಿದ್ದಳು.

ಹಾಗೆಂದು ಲೈನಿನವರಿಗೆ ಅವನ ಮೇಲೆ ಆಸಕ್ತಿ ಇಲ್ಲದೆ ಇರಲಿಲ್ಲ. ಈ ಹುಡುಗ ಗಣಿಗೆ ಏಕೆ ಇಳಿಯುವುದಿಲ್ಲ, ಮದುವೆ ಏಕಾಗಿಲ್ಲ, ಆ ಕಬ್ಬಿಣದ ಟ್ರಂಕಿನಲ್ಲಿ ಏನಿದೆ ಎಂದು ಕೊಳಾಯಿಯ ಹತ್ತಿರ ದಿನವೂ ಚರ್ಚೆ ನಡೆಯುತ್ತಿತ್ತು. ಅವನು ಬಾಯಿ ತೆರೆದು ಏನಾದರೂ ಹೇಳಲು ಹೊರಟಾಗ ಮಾತ್ರ ಎಲ್ಲರ ಕೊಡಗಳೂ ಒಟ್ಟಿಗೇ ತುಂಬಿಬಿಡುತ್ತಿದ್ದವು.

ಕಾರ್ಡು ಓದಿದವನೇ ಜ್ಞಾನಮಿತ್ರ ಕೊಳಾಯಿಗೆ ಓಡಿದ. ಜನ ಸೇರದಿದ್ದರೆ ಮಿಷನ್ನಿನವರು ಇಲ್ಲಿನ ಕೇಂದ್ರವನ್ನೇ ಮುಚ್ಚಿ ಅವನನ್ನು ಊರಿಗೆ ಅಟ್ಟುವುದು ಖಂಡಿತ. ಪಕ್ಕದ ಮನೆಯ ಮುನಿಶಾಮಮ್ಮ ಸರದಿಯಲ್ಲಿ ನಿಂತಿದ್ದಳು. ಅವಳಿಗೆ ಒಂದು ಸುದ್ದಿ ಹೇಳಿದರೆ ಡಂಗುರ ಸಾರಿದ ಹಾಗೆ. ಜ್ಞಾನಮಿತ್ರ ತಾನು ಕಲಿತ ತಮಿಳನ್ನೆಲ್ಲ ಒಟ್ಟುಮಾಡಿ ಹೇಳಿದ:

"ಅಮ್ಮಾ, ಸಾಯಂಗಾಲಂ ಅಂಜು ಮಣಿಕ್ಕು ನಮ್ಮ ವೀಟ್ಲೆ ನಲ್ಲ ವೇಳೆ ಇರುಕ್ಕು. ಎಲ್ಲಾರುಂ ವಾಂಗೋ!"

ಸಂಜೆ ಐದಕ್ಕೆ ನಮ್ಮ ಮನೆಯಲ್ಲಿ ಒಳ್ಳೆಯ ಹೊತ್ತು ಕಳೆಯೋಣ, ಎಲ್ಲರೂ ಬನ್ನಿ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಆದರೆ ಆ ಲೈನಿನ ಬಾಯಲ್ಲಿ ಳಕಾರಕ್ಕೂ ಲಕಾರಕ್ಕೂ ಭೇದವಿಲ್ಲ. ತಮಿಳಿನಲ್ಲಿ 'ವೇಲೆ' ಎಂದರೆ ಕೆಲಸ, ನೌಕರಿ. ಮುನಿಶಾಮಮ್ಮನ ತಂಗಿಯ ಮಗ ಆರುಮುಗಂ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಎರಡು ವರ್ಷದಿಂದ ಅವಳ ಮನೆಯಲ್ಲಿ ಖಾಲಿ ಕೂತಿದ್ದ. ಅವಳ ಕೈಯಲ್ಲಿದ್ದ ಕೊಡ ಠಣ್ಣೆಂದು ಕೆಳಗೆ ಬಿತ್ತು.

"ನಿಜವಾಗ್ಲೂ ಐತಾ ಸಾಮಿ?"

"ಖಂಡಿತ ಇದೆ!"

"ಯಾರ್ಗೆ?"

"ಎಲ್ಲರಿಗೂ!" ಎಂದ ಜ್ಞಾನಮಿತ್ರ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಒಬ್ಬರು ಅವನನ್ನು ಎದುರು ಪ್ರಶ್ನೆ ಕೇಳಿದ್ದರು.

ಒಂಬತ್ತು ಗಂಟೆಯ ಹೊತ್ತಿಗೆ ಗಣಿಯ ನಿವೃತ್ತ ಮೇಸ್ತ್ರಿ ಕೋದಂಡಪ್ಪ ಒಂದು ಕುಂಬಳಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ:

"ಸಾಮಿ, ಇದು ಪರ್ಮನೆಂಟಾ, ಟೆಂಪ್ರವರಿಯಾ?"

ಜ್ಞಾನಮಿತ್ರ ಬೆರಗಾದ. ಎಂಥ ಆಳವಾದ ಪ್ರಶ್ನೆ! "ಶಾಶ್ವತ, ಕೋದಂಡಪ್ಪನವರೇ."

"ವಯಸ್ಸು ದಾಟಿರೋರ್ಗೂ ಉಂಟಾ?"

"ವಯಸ್ಸಿನ ಮಾತೇ ಇಲ್ಲ."

"ಅವುನಾ! ನೆಲದ ಒಳ್ಗಾ, ಮೇಲಾ?"

"ಮೇಲೆ! ಎಲ್ಲ ಮೇಲಿರುವವನ ಕೈಯಲ್ಲಿದೆ."

ಕೋದಂಡಪ್ಪ ತಲೆದೂಗಿದ. "ಅದ್ಯಾವಾಗ್ಲೂ ಅಂಗೇ ಬುಡಿ. ಮೇಲಿರೋರ್ಗೆ ನಮ್ದೊಂದು ಮಾತು ಏಳಿ" ಎಂದು ಕುಂಬಳಕಾಯಿಯನ್ನು ಮೂಲೆಯಲ್ಲಿಟ್ಟು ಹೋದ.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಒಬ್ಬಳು ಮೊಟ್ಟೆ ತಂದಳು. ಒಬ್ಬ ಕಾಲು ಕಟ್ಟಿದ ಹುಂಜವನ್ನೇ ತಂದ. ಬಂದವರೆಲ್ಲ ತಮ್ಮ ಮಕ್ಕಳ ಹೆಸರು ಹೇಳಿ, ನೆನಪಿನಲ್ಲಿಟ್ಟುಕೊಳ್ಳಿ ಎಂದು ಕೈಮುಗಿದರು. ಪ್ರಾರ್ಥನೆಯಲ್ಲಿ ನೆನೆಯಬೇಕೆಂದು ತಿಳಿದು ಜ್ಞಾನಮಿತ್ರ ಎಲ್ಲರ ಹೆಸರನ್ನೂ ಭಕ್ತಿಯಿಂದ ಬರೆದುಕೊಂಡ. ಅವನು ಬರೆಯುವುದನ್ನು ಕಂಡು ಇನ್ನಷ್ಟು ಜನ ಬಂದರು. ಇದ್ದಕ್ಕಿದ್ದಂತೆ ಈ ಜನಕ್ಕೆ ಏನಾಯಿತೆಂದು ಅವನಿಗೂ ಕುತೂಹಲವೇ. ಆದರೆ ಕಟ್ಟು ಬಿಚ್ಚಿಕೊಂಡ ಹುಂಜ ಅವನನ್ನು ಅಂಗಳವೆಲ್ಲ ಅಟ್ಟಾಡಿಸುತ್ತಿದ್ದಾಗ ಯೋಚಿಸಲು ಪುರುಸೊತ್ತೆಲ್ಲಿ?

ಐದು ಗಂಟೆಗೆ ಎಬೆನೇಜರ್ ಅಯ್ಯನವರು ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದರು. ಗಾಡಿ ಲೈನಿನ ತುದಿಯಲ್ಲೇ ನಿಂತಿತು. ಮುಂದೆ ಹೋಗಲು ಜಾಗವಿರಲಿಲ್ಲ. ಇನ್ನೂರು ಜನ ತಲೆಗೆ ಎಣ್ಣೆ ಹಚ್ಚಿ, ಒಗೆದ ಬಟ್ಟೆ ಉಟ್ಟು, ಉಸಿರು ಬಿಗಿಹಿಡಿದು ನಿಂತಿದ್ದರು. ಅಯ್ಯನವರ ಕಣ್ಣು ಒದ್ದೆಯಾಯಿತು.

"ಮೂವತ್ತು ವರ್ಷದಲ್ಲಿ ಇಂಥದ್ದನ್ನು ನೋಡಿಲ್ಲ ಕಣಯ್ಯಾ" ಎಂದು ಜ್ಞಾನಮಿತ್ರನ ಬೆನ್ನು ತಟ್ಟಿದರು.

ಅಷ್ಟರಲ್ಲಿ ಯಾರದೋ ದೊಗಳೆ ಕೋಟು ತೊಟ್ಟಿದ್ದ ಆರುಮುಗಂ ಜ್ಞಾನಮಿತ್ರನ ಹತ್ತಿರ ಬಂದ. "ಸಾರ್, ಅರ್ಜಿ ಕನ್ನಡದಲ್ಲಿ ಬರೀಲಾ, ಇಂಗ್ಲಿಷಲ್ಲಾ?"

"ಯಾವುದಕ್ಕೆ ಅರ್ಜಿ?"

"ವೇಲೆಗೆ ಸಾರ್. ಕೆಲ್ಸಕ್ಕೆ. ನಲ್ಲ ವೇಲೆ ಇದೆ ಅಂತ ನೀವೇ ದೊಡ್ಡಮ್ಮಂಗೆ ಏಳಿದ್ರಂತಲ್ಲ?"

ಜ್ಞಾನಮಿತ್ರನಿಗೆ ಕೋದಂಡಪ್ಪನ ಒಂದೊಂದು ಪ್ರಶ್ನೆಗೂ ಈಗ ಅರ್ಥ ಹೊಳೆಯಿತು. ಒಂದು ಗೀತೆ ಹಾಡಿ, ಬೇಗ ಕೈಮುಗಿದುಬಿಟ್ಟರೆ ಅಯ್ಯನವರು ಸಂತೋಷದಿಂದ ರೈಲು ಹತ್ತುತ್ತಾರೆ. ಆದರೆ ಮುನಿಶಾಮಮ್ಮ ಮುಂದಿನ ಸಾಲಿನಲ್ಲಿ ನಿಂತು ಆರುಮುಗಂನ ಕೋಟಿನ ಧೂಳು ಒರೆಸುತ್ತಿದ್ದಳು. ಅದನ್ನು ನೋಡಿದ ಮೇಲೆ ಸುಮ್ಮನಿರಲು ಅವನಿಗೆ ಮನಸ್ಸಾಗಲಿಲ್ಲ.

"ನಾನು ಹೇಳಿದ್ದು ತಪ್ಪಾಯಿತಪ್ಪಾ. ಇಲ್ಲಿ ಯಾವ ಕೆಲಸವೂ ಇಲ್ಲ. ಇವರಿಗೆ ತಿಳಿಯುವ ಹಾಗೆ ಅದನ್ನು ನೀನೇ ಹೇಳು."

ಆರುಮುಗಂನ ಮುಖ ಸಪ್ಪಗಾಯಿತು. ಆದರೂ ಬೆಂಚು ಹತ್ತಿ ತಮಿಳಿನಲ್ಲಿ ಹೇಳಿದ, ಆಮೇಲೆ ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ. ವೇಳೆ ವೇಲೆಯಾದದ್ದನ್ನು ಎಷ್ಟು ಸೊಗಸಾಗಿ ವರ್ಣಿಸಿದನೆಂದರೆ, ಗುಂಪು ಹಿಂದಿನ ಸಾಲಿನಿಂದ ನಗಲು ತೊಡಗಿ, ಕೊನೆಗೆ ಮುನಿಶಾಮಮ್ಮನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗದೆ ಉಳಿದವನು ಕೋದಂಡಪ್ಪ ಒಬ್ಬನೇ. ಅವನು ನೇರ ಒಳಗೆ ಹೋಗಿ ತನ್ನ ಕುಂಬಳಕಾಯಿ ಎತ್ತಿಕೊಂಡು ಹೊರಟುಹೋದ.

ಜನ ಚದುರಿದ ಮೇಲೆ ಅಯ್ಯನವರು ಜ್ಞಾನಮಿತ್ರನನ್ನು ಕೇಳಿದರು:

"ಮೂರು ತಿಂಗಳಲ್ಲಿ ಎಷ್ಟು ತಮಿಳು ಕಲಿತೆ?"

"ಒಂದು ನಲವತ್ತು ಮಾತು, ಅಯ್ಯನವರೇ."

"ಒಂದು ಮಾತಿಗೇ ಇನ್ನೂರು ಜನ ಬಂದರು. ಉಳಿದ ಮೂವತ್ತೊಂಬತ್ತನ್ನು ಸದ್ಯಕ್ಕೆ ಬಾಯಿಂದ ಹೊರಗೆ ಬಿಡಬೇಡ." ಅವರು ಆರುಮುಗಂನನ್ನು ಕರೆದರು. "ನೀನು ನಾಳೆಯಿಂದ ಇಲ್ಲಿ ಮೇಷ್ಟ್ರು. ಲೈನಿನ ಮಕ್ಕಳಿಗೆ ಮೂರು ಭಾಷೆಯನ್ನೂ ಕಲಿಸು. ಈ ನಮ್ಮ ಹುಡುಗನನ್ನೂ ಅವರ ಜೊತೆಗೇ ಕೂರಿಸಿಕೋ. ಅದು ಮುಗಿಯುವ ತನಕ ಇವನು ಸುವಾರ್ತೆಯ ಪ್ರಸಂಗ ಮಾಡುವುದು ಬೇಡ."

ಮುನಿಶಾಮಮ್ಮ ಅಳುತ್ತ, ನಗುತ್ತ ಲೈನಿಗೆಲ್ಲ ಸುದ್ದಿ ಮುಟ್ಟಿಸಲು ಓಡಿದಳು.

ಮರುದಿನ ಬೆಳಿಗ್ಗೆ ಆರಕ್ಕೇ ಆರುಮುಗಂ ಮೇಷ್ಟ್ರು ಪಾಠ ಶುರುಮಾಡಿದ. ಮೊದಲ ಪಾಠವಾಗಿ ತನಗೆ ಏನು ಬೇಕೆಂದು ಜ್ಞಾನಮಿತ್ರನೇ ಕೇಳಿಕೊಂಡಿದ್ದ: ಕೆಲಸ ಇಲ್ಲ ಎನ್ನುವುದನ್ನು ತಪ್ಪಿಲ್ಲದೆ ಹೇಳುವುದು. 'ವೇಲೆ ಇಲ್ಲೆ, ವೇಲೆ ಇಲ್ಲೆ' ಎಂದು ನಾಲಿಗೆ ಹೊರಳುವ ತನಕ ಉರು ಹೊಡೆದ.

ಹೊರಗೆ ಗದ್ದಲವಾಯಿತು. ಬಾಗಿಲು ತೆರೆದರೆ ಅಂಗಳ ಕಾಣಿಸಲಿಲ್ಲ, ಬರೀ ತಲೆಗಳು. ಕೋರಮಂಡಲ್ ಲೈನಿನವರು ಬಂದಿದ್ದರು. ಕಾಮಸಮುದ್ರದಿಂದ ಮೊದಲ ಬಸ್ಸಿಗೇ ಬಂದವರೂ ಇದ್ದರು. ಎಲ್ಲರಿಗಿಂತ ಮುಂದೆ ದೊಡ್ಡವೆಂಕಟಪ್ಪನೆಂಬ ರೈತ ಮಗನ ರಟ್ಟೆ ಹಿಡಿದು ನಿಂತಿದ್ದ.

ಜ್ಞಾನಮಿತ್ರ ಎದೆ ಸೆಟೆಸಿ, ಒಂದಕ್ಷರವೂ ತಪ್ಪದೆ, ಸ್ವಚ್ಛ ತಮಿಳಿನಲ್ಲಿ ಹೇಳಿದ: "ವೇಲೆ ಇಲ್ಲೆ!"

ದೊಡ್ಡವೆಂಕಟಪ್ಪ ನಕ್ಕು, ಟವೆಲು ಕೊಡವಿ ಜಗಲಿಯ ಮೇಲೆ ಹಾಸಿ ಕೂತ.

"ನಿನ್ನೇನೂ ಮೊದ್ಲು ಅಂಗೇ ಅಂದ್ರಂತಲ್ಲ ಸಾಮಿ. ಆಮೇಲೆ ಕೊಟ್ರಂತೆ. ನಿದಾನ್ವಾಗಿ ಆಗ್ಲಿ, ನಾವು ಕೂತಿರ್ತೀವಿ."