ಮೌನಕ್ಕೆ ‘ಇಂಗ್’ ಹಚ್ಚಿದ್ದು

ಕೆಲವರಿಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಸೊಟ್ಟಗಿದ್ದರೆ ಊಟ ಸೇರುವುದಿಲ್ಲ. ಇನ್ನು ಕೆಲವರಿಗೆ ಎದುರಿಗಿರುವವರ ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಹೊಕ್ಕಿದ್ದರೆ ಕೈ ತುರಿಸುತ್ತದೆ. ನನ್ನ ಕಾಯಿಲೆ ಇವೆರಡಕ್ಕಿಂತ ಕಡೆಯದು. ಇಂಗ್ಲಿಷ್ ವಾಕ್ಯವೊಂದರಲ್ಲಿ ಮೂರು ಸಂಗತಿಗಳನ್ನು ಸಾಲಾಗಿ ಬರೆದು, ಆ ಮೂರೂ ಒಂದೇ ರೂಪದಲ್ಲಿ ಇಲ್ಲದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಸಪೇಟೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ್ದರ ಫಲ ಇದು. ಮಕ್ಕಳು ಎಷ್ಟು ಕಲಿತರೋ ದೇವರೇ ಬಲ್ಲ, ನನಗಂತೂ ರೋಗ ಪಕ್ಕಾ ಆಯಿತು.

ತರಗತಿಯಲ್ಲಿ ಇದನ್ನು ವಿವರಿಸಲು ನನ್ನದೇ ಒಂದು ವಿಧಾನವಿದೆ. “ವಾಕ್ಯದಾಗಿನ ಪಟ್ಟಿ ಅಂದ್ರ ಊಟದ ಪಂಕ್ತಿ ಇದ್ದಂಗ. ಎಲ್ಲಾರೂ ಕುಂತು ಉಣ್ಣಾಗ ಒಬ್ಬ ನಿಂತ್ಕಂಡು ಉಂಡ್ರ ಹೆಂಗ ಕಾಣ್ತೈತಿ? ‘ರೀಡಿಂಗ್’ ಕುಂತೈತಿ, ‘ಸ್ವಿಮ್ಮಿಂಗ್’ ಕುಂತೈತಿ, ಈ ‘ಟು ಡಾನ್ಸ್’ ಯಾಕ ನಿಂತೈತಿ? ಕುಂದ್ರಸ್ರಿ ಅದನ್ನ!” ಎನ್ನುತ್ತೇನೆ. ಮಕ್ಕಳೆಲ್ಲ ‘ಡಾನ್ಸಿಂಗ್’ ಎಂದು ಕೂಗುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಅದಕ್ಕ ಮಣಕಾಲು ನೋವಿದ್ರ?” ಎಂದು ಕೇಳಿದಳು. ಅವಳನ್ನು ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿದೆ.

ರೋಗ ಶಾಲೆಗೆ ಮಾತ್ರ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದಾಗ ಅವರೆಲ್ಲ ಕಂಬ, ಗೋಪುರ ನೋಡುತ್ತಿದ್ದರೆ ನಾನು ಒಂದು ಚಹಾದಂಗಡಿಯ ಬೋರ್ಡಿನ ಮುಂದೆ ನಿಂತುಬಿಟ್ಟಿದ್ದೆ. ‘ಟೀ, ಕಾಫಿ, ಸೈಕಲ್ ಅಂಡ್ ಸಿಟ್ ಡೌನ್’ ಎಂದು ಬರೆದಿತ್ತು. ಪಟ್ಟಿಯ ಕೊನೆಯಲ್ಲಿ ಕ್ರಿಯಾಪದ ಬರಬಾರದೆಂದು ಅಂಗಡಿಯವನಿಗೆ ತಿಳಿಹೇಳಿದೆ. ಆತ ಶಾಂತವಾಗಿ, “ಸರ್, ಫಾರಿನ್ನೋರು ಇದನ್ನ ಓದಿ ನಕ್ಕೋಂತ ಬಂದು ಕುಂದ್ರತಾರ. ನೀವು ತಿದ್ದಿದ್ರ ಮುಂದಿನ ಅಂಗಡಿಗೆ ಹೋಗ್ತಾರ” ಎಂದ. ನನ್ನ ಹೆಂಡತಿ ದೂರದಿಂದಲೇ, “ಗುಡಿ ನೋಡಾಕ ಬಂದೀರೋ, ಬೋರ್ಡು ತಿದ್ದಾಕ ಬಂದೀರೋ?” ಎಂದು ಕೂಗಿದಳು. ಎರಡಕ್ಕೂ ಬಂದಿದ್ದೇನೆ ಎಂದು ಹೇಳುವ ಧೈರ್ಯ ಆಗಲಿಲ್ಲ.

ಇಂಥ ನನ್ನ ಕೈಗೆ ನನ್ನ ಅಕ್ಕನ ಮಗಳ ಬಯೋಡೇಟಾ ಬಂತು. ಅಕ್ಕನನ್ನು ಕೊಟ್ಟಿದ್ದು ಕಂಪ್ಲಿಗೆ. ಭಾವನಿಗೆ ಅಲ್ಲಿ ಅಕ್ಕಿ ಗಿರಣಿ ಇದೆ. ಮಗಳು ನಾಗವೇಣಿ ಎಂ.ಎಸ್ಸಿ. ಮಾಡಿ, ಸಂಡೂರಿನ ಹತ್ತಿರ ಅದಿರಿನ ಸ್ಯಾಂಪಲ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸದಲ್ಲಿದ್ದಾಳೆ. ಹೊಸಪೇಟೆಯ ಒಂದು ಸಂಬಂಧ ಬಂದಿತ್ತು. ಹುಡುಗ ಕುರೆಕುಪ್ಪದ ಕಡೆ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಅವನ ಸೋದರತ್ತೆ ಬಯೋಡೇಟಾ ಇಂಗ್ಲಿಷಿನಲ್ಲೇ ಬೇಕೆಂದು ಹೇಳಿದ್ದರು. ಭಾವ ಫೋನ್ ಮಾಡಿ, “ಮಾಸ್ತರ್, ಹುಡುಗಿ ತಾನೇ ಬರ್ದಾಳ. ನೀವು ಒಂದ್ಸಲ ಕಣ್ಣಾಡ್ಸಿ ಕಳ್ಸಿಬಿಡ್ರಿ. ಈಗಾಗ್ಲೇ ಮೂರು ಸಂಬಂಧ ತಪ್ಪ್ಯಾವು, ನಿಮ್ಮಕ್ಕ ಊಟ ಬಿಟ್ಟಾಳ” ಎಂದರು.

ಎಲ್ಲ ಸರಿಯಾಗಿಯೇ ಇತ್ತು, ಹವ್ಯಾಸಗಳ ಸಾಲೊಂದನ್ನು ಬಿಟ್ಟು. ‘ಐ ಲೈಕ್ ರೀಡಿಂಗ್, ಟು ಡ್ರೈವ್ ಟ್ರ್ಯಾಕ್ಟರ್ ಅಂಡ್ ಸೈಲೆನ್ಸ್’ ಎಂದು ಬರೆದಿದ್ದಳು. ನನ್ನ ಮೈ ಉರಿಯತೊಡಗಿತು. ‘ರೀಡಿಂಗ್’ ಸರಿ. ‘ಟು ಡ್ರೈವ್’ ಅನ್ನು ‘ಡ್ರೈವಿಂಗ್’ ಮಾಡಿದೆ. ಉಳಿದವಕ್ಕೆ ಬಾಲವಿಲ್ಲದಿರುವಾಗ ಇದೊಂದಕ್ಕೆ ಯಾಕೆಂದು ಟ್ರ್ಯಾಕ್ಟರನ್ನು ಕಳಚಿದೆ. ಉಳಿದದ್ದು ಸೈಲೆನ್ಸ್. ಅದಕ್ಕೆ ‘ಇಂಗ್’ ಹಚ್ಚಿ ‘ಸೈಲೆನ್ಸಿಂಗ್’ ಅಂದರೆ ಬಾಯಿ ಮುಚ್ಚಿಸುವುದು ಎಂದಾಗುತ್ತದೆ. ಮದುವೆಯ ಹೆಣ್ಣು ಅದನ್ನು ಹವ್ಯಾಸವೆಂದು ಬರೆದರೆ ಗಂಡಿನ ಕಡೆಯವರು ಹೊಸಪೇಟೆ ಬಿಟ್ಟೇ ಓಡುತ್ತಾರೆ. ‘ಕೀಪಿಂಗ್ ಸೈಲೆಂಟ್’ ಎನ್ನೋಣವೆಂದರೆ ಉಳಿದವು ಒಂದೊಂದೇ ಪದ, ಇದೊಂದು ಎರಡಾಗುತ್ತದೆ. ಅರ್ಧ ಗಂಟೆ ಒದ್ದಾಡಿದ ಮೇಲೆ ‘ಸಿಂಗಿಂಗ್’ ತಾನಾಗಿಯೇ ಬಂದು ಕೂತಿತು. ರೀಡಿಂಗ್, ಡ್ರೈವಿಂಗ್ ಅಂಡ್ ಸಿಂಗಿಂಗ್. ಎಷ್ಟು ಚೆಂದ! ಚಿಕ್ಕವಳಿದ್ದಾಗ ಆಗಸ್ಟ್ ಹದಿನೈದಕ್ಕೆ ಗುಂಪಿನಲ್ಲಿ ನಿಂತು ಹಾಡಿದ್ದಳಲ್ಲ, ಸುಳ್ಳೇನೂ ಅಲ್ಲ ಎಂದು ಮನಸ್ಸಾಕ್ಷಿಯನ್ನು ತಟ್ಟಿ ಮಲಗಿಸಿ, ಭಾವನಿಗೆ ವಾಟ್ಸಾಪ್ ಮಾಡಿದೆ. ಅವರು ಅದನ್ನು ತೆರೆಯದೆಯೇ ಗಂಡಿನ ಕಡೆಯವರಿಗೆ ದಾಟಿಸಿದರು.

ಹೆಣ್ಣು ನೋಡುವ ದಿನ ನಾನೂ ಕಂಪ್ಲಿಗೆ ಹೋಗಿದ್ದೆ. ಹನ್ನೊಂದಕ್ಕೆ ಬರುತ್ತೇವೆ ಎಂದ ಗಂಡಿನ ಕಡೆಯವರು ಒಂದು ಗಂಟೆಗೆ ಬಂದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದ್ದಾಯಿತು. ಸೋದರತ್ತೆ ಕನ್ನಡಕ ಸರಿಮಾಡಿಕೊಂಡು ನಾಗವೇಣಿಯನ್ನು ಮೆಚ್ಚುಗೆಯಿಂದ ನೋಡಿದರು.

“ನಮ್ಮ ಮನ್ಯಾಗ ಹಾಡೋರು ಒಬ್ರೂ ಇಲ್ಲ ನೋಡವ್ವ. ನೀ ಒಂದು ವಚನ ಹಾಡು.”

“ನನಗ ಹಾಡಾಕ ಬರಲ್ಲ್ರಿ” ಎಂದಳು ನಾಗವೇಣಿ.

“ನಾಚ್ಕಿ ಹುಡುಗಿಗೆ” ಎಂದು ಅತ್ತೆ ನಕ್ಕರು. “ಹೋಗ್ಲಿ, ಯಾವ ಕಾರು ಹೊಡಿತೀ?”

“ಕಾರಲ್ಲ್ರಿ, ಟ್ರ್ಯಾಕ್ಟರ್.”

ಅತ್ತೆಯ ನಗು ನಿಂತಿತು. ಮೊಬೈಲಿನಲ್ಲಿ ಬಯೋಡೇಟಾ ತೆಗೆದು ಹುಡುಗಿಯ ಕೈಗಿತ್ತು, “ಹಂಗಾರ ಇದನ್ನ ಯಾರು ಬರ್ದಾರ?” ಎಂದರು. ಅಕ್ಕ ಭಾವನನ್ನು ನೋಡಿದಳು, ಭಾವ ನನ್ನನ್ನು ನೋಡಿದರು, ನಾನು ಬಜ್ಜಿಯನ್ನು ನೋಡಿದೆ. ನಾಗವೇಣಿ ಓದಿ ತಲೆಯೆತ್ತಿದಳು. ಆ ಮುಖ ನನಗೆ ಹೊಸದಲ್ಲ. ತಿದ್ದಿದ ಉತ್ತರಪತ್ರಿಕೆ ಕೈಗೆ ಬಂದಾಗ ಮಕ್ಕಳ ಮುಖ ಹಾಗೆಯೇ ಇರುತ್ತದೆ.

“ಮಾಮ, ನಾ ಸೈಲೆನ್ಸ್ ಅಂತ ಬರ್ದಿದ್ದೆ. ಇಲ್ಲಿ ಸಿಂಗಿಂಗ್ ಐತಿ.”

“ಅದು... ಪ್ಯಾರಲಲ್ ಸ್ಟ್ರಕ್ಚರ್ ಸಲುವಾಗಿ...” ಎಂದು ಶುರುಮಾಡಿದೆ. ಶುರುಮಾಡಿದ ಮೇಲೆ ನಿಲ್ಲಿಸಲು ಬರಬೇಕಲ್ಲ! ತಟ್ಟೆಯಲ್ಲಿ ಮೂರು ಬಜ್ಜಿಗಳನ್ನು ಸಾಲಾಗಿ ಜೋಡಿಸಿ, ಎಲ್ಲವೂ ಒಂದೇ ದಿಕ್ಕಿಗೆ ತೊಟ್ಟು ಮಾಡಿ ಮಲಗಬೇಕಾದ ಅಗತ್ಯವನ್ನು ಐದು ನಿಮಿಷ ವಿವರಿಸಿದೆ.

ಅತ್ತೆ ಪೂರ್ತಿ ಕೇಳಿಸಿಕೊಂಡು, “ಅಂದ್ರ ಹಾಡು ಹುಡುಗಿಗೆ ಬರದಿದ್ರೂ ನಡೀತಿತ್ತು, ವಾಕ್ಯಕ್ಕ ಬರ್ಬೇಕಾಗಿತ್ತು. ಹೌದಿಲ್ರಿ ಮಾಸ್ತರ್?” ಎಂದರು. ಇಪ್ಪತ್ತಾರು ವರ್ಷಗಳಲ್ಲಿ ನನ್ನ ಪಾಠವನ್ನು ಇಷ್ಟು ಬೇಗ ಅರ್ಥಮಾಡಿಕೊಂಡವರು ಇನ್ನೊಬ್ಬರಿಲ್ಲ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಎದ್ದುಹೋದಳು. ನನ್ನಿಂದ ನಾಲ್ಕನೆಯ ಸಂಬಂಧವೂ ತಪ್ಪಿತು ಎಂದುಕೊಂಡೆ. ಆಗ ನಾಗವೇಣಿಯೇ ಮಾತಾಡಿದಳು.

“ಸಿಟ್ಟಾಗಬ್ಯಾಡ್ರಿ ಅತ್ತಿ. ಲ್ಯಾಬಿನ್ಯಾಗ ದಿನಾ ಕಲ್ಲು ಪುಡಿ ಮಾಡೋ ಮಷಿನ್ ಸಪ್ಪಳ. ಮನಿಗೆ ಬಂದ್ರ ಗಿರಣಿ ಸಪ್ಪಳ. ರಜಾ ದಿನ ಟ್ರ್ಯಾಕ್ಟರ್ ತಗಂಡು ಗದ್ದಿ ಕಡೆ ಹೋಗಿ, ಇಂಜಿನ್ ಬಂದ್ ಮಾಡಿ ಸುಮ್ಮನ ಕುಂದ್ರತೀನಿ. ಅದು ನನಗ ಭಾಳ ಸೇರ್ತೈತಿ. ಅದನ್ನೇ ಬರ್ದಿದ್ದೆ.”

ಅಲ್ಲಿಯವರೆಗೆ ತುಟಿಪಿಟಕ್ಕೆನ್ನದ ಹುಡುಗ ಈಗ ಬಾಯಿಬಿಟ್ಟ. “ನನ್ನ ಬಯೋಡೇಟಾದಾಗ ‘ಪಂಕ್ಚುಯಲ್’ ಅಂತ ಐತ್ರಿ. ಹನ್ನೊಂದಕ್ಕ ಬರ್ತೀವಿ ಅಂದು ಒಂದಕ್ಕ ಬಂದೀವಿ, ನೀವೇ ನೋಡೀರಿ. ಅದನ್ನ ನಮ್ಮತ್ತಿ ಸೇರ್ಸಿದ್ದು.”

“‘ಆನೆಸ್ಟ್’, ‘ಹಾರ್ಡ್‌ವರ್ಕಿಂಗ್’ ಎರಡೇ ಇದ್ರ ಬೋಳು ಬೋಳು ಕಾಣ್ತಿತ್ತಲೇ!” ಎಂದುಬಿಟ್ಟರು ಅತ್ತೆ. ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಹೊಳೆದು, ನನ್ನತ್ತ ಒಮ್ಮೆ ನೋಡಿ, ಮೊದಲು ಅವರೇ ನಕ್ಕರು. ಭಾವ ಅವರಿಗಿಂತ ಜೋರಾಗಿ ನಕ್ಕರು. ಅಕ್ಕ ಚಹಾ ಹಿಡಿದು ಹೊರಬಂದಳು.

ಹುಡುಗ ಟ್ರ್ಯಾಕ್ಟರ್ ನೋಡಬೇಕೆಂದ. ಇಬ್ಬರೂ ಗಿರಣಿಯ ಅಂಗಳಕ್ಕೆ ಹೋದರು. ನಾನು ಕಿಟಕಿಯಿಂದ ಇಣುಕಿದೆ. ಕಾಲು ಗಂಟೆಯಲ್ಲಿ ಅವರು ನಾಲ್ಕು ಮಾತೂ ಆಡಲಿಲ್ಲ, ಆದರೂ ಒಳಗೆ ಬರುವ ಮನಸ್ಸು ಇಬ್ಬರಿಗೂ ಇದ್ದಂತೆ ಕಾಣಲಿಲ್ಲ. ಮೂರನೆಯ ದಿನ ಒಪ್ಪಿಗೆಯ ಫೋನ್ ಬಂತು. ಅದೇ ಸಂಜೆ ನಾಗವೇಣಿಯದೂ ಬಂತು: “ಮಾಮ, ಲಗ್ನದ ಕಾರ್ಡು ಬರೇ ಕನ್ನಡದಾಗ ಹಾಕಸ್ತೀವಿ. ನಿಮಗ ಸುಮ್ಮನ ಯಾಕ ತ್ರಾಸು?” ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಹೊರಗಿಟ್ಟಿರಲಿಲ್ಲ.

ಸೋಮವಾರ ಒಂಬತ್ತನೆಯ ತರಗತಿಯ ಪ್ರಬಂಧಗಳನ್ನು ನೋಡುತ್ತಿದ್ದೆ. ಒಬ್ಬಳು ‘ಮೈ ಮದರ್ ಈಸ್ ಕೈಂಡ್, ಕುಕ್ಸ್ ವೆಲ್ ಅಂಡ್ ಟಯರ್ಡ್’ ಎಂದು ಬರೆದಿದ್ದಳು. ಮೊದಲಾಗಿದ್ದರೆ ‘ಕೈಂಡ್, ಸ್ಕಿಲ್‌ಫುಲ್ ಅಂಡ್ ಟಯರ್‌ಲೆಸ್’ ಎಂದು ಕೆಂಪು ಶಾಯಿಯಲ್ಲಿ ತಿದ್ದಿ, ದಣಿದ ತಾಯಿಯನ್ನು ಕ್ಷಣದಲ್ಲಿ ದಣಿವಿಲ್ಲದವಳನ್ನಾಗಿ ಮಾಡಿಬಿಡುತ್ತಿದ್ದೆ. ಆ ತಾಯಿಯನ್ನು ನಾನು ಬಲ್ಲೆ. ಬಸ್ ಸ್ಟ್ಯಾಂಡಿನ ಬಳಿ ಬೆಳಗಿನಿಂದ ಸಂಜೆಯವರೆಗೆ ಹೂ ಕಟ್ಟುತ್ತಾ ಕೂತಿರುತ್ತಾಳೆ. ಮಗಳು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬಹಳ ಹೊತ್ತು ನೋಡಿ, ವಾಕ್ಯವನ್ನು ಮುಟ್ಟದೆ ಹಾಗೆಯೇ ಬಿಟ್ಟೆ. ನಾನು ಬದಲಾಗಿದ್ದೇನೆ ಎಂದು ನನ್ನ ಮೇಲೆಯೇ ಅಭಿಮಾನ ಉಕ್ಕಿ ಬಂತು.

ಆಮೇಲೆ ನೋಡುತ್ತೇನೆ, ಕೊನೆಯಲ್ಲಿ ಫುಲ್‌ಸ್ಟಾಪ್ ಇಲ್ಲ. ಅರ್ಧ ಅಂಕ ಕಳೆದೆ.