ಕಾಡಿಗೆ ಡಬ್ಬಿ ಮತ್ತು ವಿಲಾಯತಿ ಕ್ಯಾಸೆಟ್ಟು

ಸತ್ತವರ ಮೇಲೆ ಅನುಮಾನ ಪಡಬಾರದು ಎನ್ನುತ್ತಾರೆ. ಅವರು ಬದುಕಿದ್ದಾಗ ಪಟ್ಟ ಅನುಮಾನವನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ.

ನಮ್ಮ ಮನೆಯವರು ಶಿಕಾರಿಪುರದಲ್ಲಿ ಮದುವೆ ಬ್ಯಾಂಡ್‌ಸೆಟ್ ನಡೆಸುತ್ತಿದ್ದರು. ಮಾಸಿದ ಕೆಂಪು ಕೋಟು ತೊಟ್ಟು ಕ್ಲಾರಿಯೊನೆಟ್ ಊದುತ್ತ ದಿಬ್ಬಣದ ಮುಂದೆ ನಡೆದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಊಟಕ್ಕೂ ಕೊನೆಯ ಪಂಕ್ತಿ. ಒಮ್ಮೆ ಶಿವಮೊಗ್ಗಕ್ಕೆ ಹೋದವರು ಒಂದು ವಿಲಾಯತಿ ಕ್ಯಾಸೆಟ್ ತಂದರು. ಹೊದಿಕೆಯ ಮೇಲೆ ನಾಲ್ವರು: ಉದ್ದ ಕೂದಲು, ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ, ಮೈತುಂಬ ಚಮಕಿ. ಹೆಂಗಸರೆಂದೇ ತಿಳಿದಿದ್ದೆ. ಗಂಡಸರೆಂದು ಗೊತ್ತಾದ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು. ಹಾಡು ಕೇಳಿದರೆ ಪಾತ್ರೆ ಅಂಗಡಿಯ ಕಪಾಟು ಉರುಳಿದಂತೆ. ಇವರು ಕಣ್ಣು ಮುಚ್ಚಿ ಕೇಳುವರು. “ಇದಕ್ಕ ಮುಂಚೆ ಇವರನ್ನ ಯಾರೂ ಕೇಳ್ತಿರಲಿಲ್ಲಂತೆ. ಈ ಒಂದು ಕ್ಯಾಸೆಟ್ ಬಂತು ನೋಡು, ಆಮೇಲೆ ಎಲ್ಲಾರೂ ಇವರಂಗೇ ಆಗಾಕೆ ಹತ್ತಿದ್ರಂತೆ” ಎಂದರು. ಅಂಗಡಿಯವನು ಹೇಳಿದ್ದನಂತೆ. ಕ್ಯಾಸೆಟ್ ಮಾರುವವನು ಬೇರೇನು ಹೇಳುತ್ತಾನೆ?

ಅಲ್ಲಿಂದ ನನ್ನ ಕಾಡಿಗೆ ಡಬ್ಬಿ ಬೇಗ ಖಾಲಿಯಾಗತೊಡಗಿತು. ಹರಳೆಣ್ಣೆ ದೀಪದ ಮಸಿ ಹಿಡಿದು ನಾನೇ ಮಾಡುವ ಕಾಡಿಗೆ. ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲ. ಇವರ ಕಾಲರಿನಲ್ಲಿ ಚಮಕಿ, ಕರವಸ್ತ್ರದಲ್ಲಿ ಕರಿ. ಸೊರಬದ ಕಡೆಯ ಮದುವೆಗಳೂ ಹೆಚ್ಚಾದವು. ಅಲ್ಲಿ ಯಾರೋ ಇದ್ದಾಳೆ, ನನ್ನ ಕಾಡಿಗೆಯಿಂದಲೇ ಸಿಂಗಾರವಾಗುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಕಣ್ಣಾರೆ ಕಂಡರೆ ಅಲ್ಲಿಂದಲೇ ತವರಿಗೆ ಹೋಗಿಬಿಡುವುದೆಂದು ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಸೊರಬದ ಬಸ್ಸು ಹತ್ತಿದೆ.

ದಿಬ್ಬಣ ಎದುರಿಗೇ ಬಂತು. ಮುಂದೆ ಇವರು: ಚಮಕಿಯ ನೀಲಿ ಸ್ಯಾಟಿನ್ ಅಂಗಿ, ಕಿವಿಯತನಕ ಎಳೆದ ಕಾಡಿಗೆ. ಊದುತ್ತಿದ್ದದ್ದು ಮಾತ್ರ ಅದೇ ಹಳೆಯ ಮದುವೆ ಹಾಡು. ಮದುಮಕ್ಕಳನ್ನು ಬಿಟ್ಟು ಜನವೆಲ್ಲ ಇವರನ್ನೇ ನೋಡುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅಜ್ಜಿ, “ಆ ಮುಂದಿಂದು ಗಂಡಸೋ ಹೆಂಗಸೋ ತಂಗೀ?” ಎಂದರು.

“ನಮ್ಮ ಮನೆಯವರು ಅಜ್ಜಿ” ಎಂದೆ.

ನಾನು ನಗುತ್ತೇನೆಂದು ಹೆದರಿ ಇವರು ಈ ವೇಷದ ವಿಷಯ ಹೇಳಿರಲಿಲ್ಲವಂತೆ. ಆ ದಿನ ಇವರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿದರು. ಕೆಲವೇ ವರ್ಷಗಳಲ್ಲಿ ಎರಡೂ ತಾಲ್ಲೂಕಿನ ಬ್ಯಾಂಡ್‌ಸೆಟ್‌ಗಳೆಲ್ಲ ಚಮಕಿ ತೊಟ್ಟವು.

ಹೋದ ವರ್ಷ ಇವರು ತೀರಿಕೊಂಡರು. ಬ್ಯಾಂಡಿನವರೆಲ್ಲ ಅದೇ ವೇಷದಲ್ಲಿ ಬಂದು ಬಾರಿಸಿದರು. ಅವರದು ಅಂಗಡಿಯ ಕಾಡಿಗೆ. ಅತ್ತೂ ಅತ್ತೂ ಕೆನ್ನೆಗೆಲ್ಲ ಇಳಿದಿತ್ತು. ಗೋಡೆಗೊರಗಿಸಿ ಕೂರಿಸಿದ್ದ ಇವರ ಕಣ್ಣಿಗೆ ಮನೆಯ ಕಾಡಿಗೆಯನ್ನು ನಾನೇ ಹಚ್ಚಿದ್ದೆ. ಹಿರಿಯರು ಮುಖ ಕಿವುಚಿದರು. ಕಾರ್ಯ ಮುಗಿದ ಮೇಲೆ ಡೋಲಿನ ರುದ್ರೇಶಿ ಬಂದು ತಲೆ ಕೆರೆದುಕೊಳ್ಳುತ್ತ ನಿಂತ. “ಅಕ್ಕಾರೇ, ಅಣ್ಣಾರ ಕಣ್ಣಿಂದು ಒಂಚೂರೂ ಕದಡಲಿಲ್ಲ ನೋಡ್ರಿ. ನಮಗೂ ಅದನ್ನೇ ಮಾಡಿಕೊಡ್ರಿ.” ಅವರು ಅಳಲಿಲ್ಲವಲ್ಲಪ್ಪ ಎನ್ನಲು ನಾಲಿಗೆ ಬರಲಿಲ್ಲ. ಮಾಡಿಕೊಟ್ಟೆ. ಆಗಾಗ ಬಂದು ಒಯ್ಯುತ್ತಾನೆ.

ಮೊನ್ನೆ ಅವನ ಹೆಂಡತಿ ಬಂದಿದ್ದಳು, ದೂರದ ಊರಿಂದ ಹೊಸದಾಗಿ ಮದುವೆಯಾಗಿ ಬಂದವಳು, ಬ್ಯಾಂಡಿನವರ ವೇಷ ಇನ್ನೂ ಕಾಣದವಳು. ಕೂರೆಂದರೂ ಕೂರಲಿಲ್ಲ. ಕರಿ ಮೆತ್ತಿದ ಕರವಸ್ತ್ರವನ್ನು ಮುಂದೆ ಹಿಡಿದು, “ನಮ್ಮನೆಯವರು ಇಲ್ಲಿಗೆ ಯಾಕ್ ಬರ್ತಾರ್ರೀ?” ಎಂದು ಕೇಳಿ ಮನೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು. ಆ ನೋಟ ನನಗೆ ಗೊತ್ತು. ರುದ್ರೇಶಿ ಅವತ್ತು ಸೊರಬದ ದಿಬ್ಬಣಕ್ಕೆ ಹೋಗಿದ್ದ. ಇದ್ದದ್ದನ್ನು ಹೇಳಿಬಿಡಬಹುದಿತ್ತು. ಅನುಮಾನ ಪಡಲಾದರೂ ಗಂಡನಿರುವವಳನ್ನು ಕಂಡು ಯಾಕೋ ಹೊಟ್ಟೆ ಉರಿಯಿತು.

“ಸೊರಬದ ಬಸ್ಸು ಹತ್ತಿ ಹೋಗಿ ನೋಡವ್ವ” ಎಂದೆ.